ಮೂವತ್ತನಾಲ್ಕನೇ ಕಲ್ಲು

ನಮ್ಮೂರಿನ ರಸ್ತೆಗಳು ಬಿಸಿಲೇರಿದಂತೆ ಉದ್ದವಾಗುತ್ತವೆ ಎನ್ನುವುದರ ಬಗ್ಗೆ ನನ್ನ ತಕರಾರಿಲ್ಲ. ಅದು ನಾನು ಹುಟ್ಟುವ ಮುಂಚಿನಿಂದ ಇದೆ, ನಾನು ಹೋದ ಮೇಲೂ ಇರುತ್ತದೆ. ಬೆಳಗಿನ ಜಾವ ಬಸ್‌ಸ್ಟ್ಯಾಂಡಿನಿಂದ ದೊಡ್ಡಾಸ್ಪತ್ರೆಗೆ ಒಂದು ಕಿಲೋಮೀಟರ್. ಒಂಬತ್ತು ಗಂಟೆಗೆ ಅದು ಹೆಚ್ಚುಕಮ್ಮಿ ಒಂದೂಕಾಲು, ನಡುಮಧ್ಯಾಹ್ನ ಒಂದೂವರೆ. ಹೊತ್ತು ಇಳಿದ ಮೇಲೆ ಮತ್ತೆ ಕುಗ್ಗುತ್ತದೆ. ಮನೆಗಳು ಬೆಳೆಯುವುದಿಲ್ಲ, ಮರಗಳು ಬೆಳೆಯುವುದಿಲ್ಲ, ಅವುಗಳ ನಡುವಿನ ದಾರಿ ಮಾತ್ರ ಬೆಳೆಯುತ್ತದೆ. ರಸ್ತೆ ಬದಿಯ ಕಿಲೋಮೀಟರ್ ಕಲ್ಲುಗಳೂ ದಾರಿಯ ಜೊತೆಗೇ ದೂರ ಸರಿದು ನಿಲ್ಲುತ್ತವೆ. ನಮ್ಮಲ್ಲಿ ಶಾಲೆ ಐದೂವರೆಗೆ ಶುರುವಾಗಿ ಹತ್ತಕ್ಕೆ ಬಿಡುತ್ತದೆ. ಬ್ಯಾಂಕು, ಕೋರ್ಟು, ತಾಲ್ಲೂಕು ಕಚೇರಿ ಎಲ್ಲವೂ ಹಾಗೆಯೇ. ಗಂಡಿನ ಮನೆ ನೋಡುವ ಹೆಣ್ಣಿನ ಕಡೆಯವರು ಬೆಳಿಗ್ಗೆ ಬಂದು, ಬಾವಿ ಹತ್ತಿರ, ಅಂಗಡಿ ಹತ್ತಿರ, ಹುಡುಗಿಗೆ ಸುಖವಾಗಿರುತ್ತದೆ ಎಂದು ಹೇಳಿ ಹೋಗುತ್ತಾರೆ. ಮದುವೆಯಾದ ಮೇಲೆ ಮಧ್ಯಾಹ್ನ ಬುತ್ತಿ ಹೊತ್ತು ಹೊರಟಾಗ ಆ ಹುಡುಗಿಗೆ ನಿಜ ಗೊತ್ತಾಗುತ್ತದೆ. ಹನ್ನೊಂದರ ಮೇಲೆ ಕೈ ತೋರಿಸಿದರೆ ಆಟೋದವರು ಕಾಣಿಸದವರ ಹಾಗೆ ಮುಂದೆ ಹೋಗುತ್ತಾರೆ. ಇದಕ್ಕೆಲ್ಲ ನಾವು ಹೊಂದಿಕೊಂಡಿದ್ದೇವೆ.

ನನ್ನ ತಕರಾರು ರಸ್ತೆಯ ಮೇಲಲ್ಲ. ಯಾರು ಯಾವ ಹೊತ್ತಿನಲ್ಲಿ ಆ ರಸ್ತೆಯಲ್ಲಿ ನಡೆಯಬೇಕು ಎಂದು ತೀರ್ಮಾನಿಸಿದವರ ಮೇಲೆ.

ನಾನು ಪುಟ್ಟಗೌರಮ್ಮ. ಊರಲ್ಲಿ ಮೀಟರ್ ಗೌರಮ್ಮ ಅಂದರೆ ಗೊತ್ತಾಗುತ್ತದೆ. ಕರೆಂಟ್ ಆಫೀಸಿನ ಪರವಾಗಿ ಮನೆ ಮನೆಗೆ ಹೋಗಿ ಮೀಟರ್ ಓದಿ, ಹೆಗಲ ಮೇಲಿನ ಮೆಷಿನ್ನಿನಿಂದ ಬಿಲ್ಲು ಹರಿದು ಕೊಡುವುದು ನನ್ನ ಕೆಲಸ. ಹದಿನಾರು ವರ್ಷವಾಯಿತು. ಹತ್ತರಿಂದ ನಾಲ್ಕು ನಮ್ಮ ಸಮಯ. ಅಷ್ಟು ಹೊತ್ತಿಗೆ ಜನ ತಮ್ಮ ತಮ್ಮ ಕೆಲಸ ಮುಗಿಸಿ ಮನೆ ಸೇರಿ ಫ್ಯಾನಿನ ಕೆಳಗೆ ಕೂತಿರುತ್ತಾರೆ, ಬಾಗಿಲು ತೆರೆಯಲು ಅನುಕೂಲ ಎಂದು ಆಫೀಸಿನ ಲೆಕ್ಕಾಚಾರ. ಊರು ನೆರಳು ಸೇರಿದ ಮೇಲೆ ರಸ್ತೆಯಲ್ಲಿ ಉಳಿಯುವವರು ನಾವು ಮೀಟರಿನವರು, ತರಕಾರಿ ಗಾಡಿಯವರು, ಆಸ್ಪತ್ರೆಯ ಎರಡನೇ ಪಾಳಿಯ ಹೆಂಗಸರು, ಚರಂಡಿ ಕೆಲಸದವರು. ಮಧ್ಯಾಹ್ನದ ದಾರಿಯೇ ದಾರಿ ಎಂದು ನಾನು ತಿಳಿದುಕೊಂಡಿದ್ದೆ. ಈ ಕೆಲಸಕ್ಕೆ ಸೇರಿದ ಮೇಲೆ ಮುಂಜಾನೆ ನಾನು ಬೀದಿಗೆ ಇಳಿದವಳೇ ಅಲ್ಲ. ನೀರು ಹಿಡಿಯುವುದು, ಅಡುಗೆ, ಬಟ್ಟೆ ಇವುಗಳಲ್ಲೇ ಅದು ಮುಗಿಯುತ್ತಿತ್ತು.

ಮೂರು ವರ್ಷದ ಹಿಂದೆ ಕುಂಬಾರಗೇರಿಯ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಯಾವ ಯಾವ ಮನೆಗೆ ಕರೆಂಟಿಲ್ಲ ಎಂದು ಪಟ್ಟಿ ಮಾಡಲು ಬೆಳಗಿನ ಜಾವ ನಾಲ್ಕೂವರೆಗೇ ಬಾ ಎಂದು ಆಫೀಸಿನವರು ಹೇಳಿದರು. ಹೋದೆ. ಕುಂಬಾರಗೇರಿ ನಾನು ಮೀಟರ್ ಓದುವ ಬೀಟು, ಅದರ ಒಂದೊಂದು ಮೆಟ್ಟಿಲೂ ಗೊತ್ತು. ಆ ಗೇರಿಯ ಆ ತುದಿ ಮುಟ್ಟಲು ನನಗೆ ಯಾವತ್ತೂ ಇಪ್ಪತ್ತು ನಿಮಿಷ ಬೇಕಿತ್ತು. ಅವತ್ತು ಹನ್ನೆರಡೇ ನಿಮಿಷಕ್ಕೆ ತುದಿಯ ಮನೆ ಎದುರಿಗೆ ಬಂದು ನಿಂತಿತು. ನಾನು ಯಾವುದೋ ಮನೆ ಬಿಟ್ಟುಬಿಟ್ಟೆ ಎಂದುಕೊಂಡು ವಾಪಸ್ಸು ಹೋಗಿ ಎಣಿಸಿದೆ. ಒಂದೂ ಬಿಟ್ಟಿರಲಿಲ್ಲ. ಅಲ್ಲೇ ಒಂದು ಜಗುಲಿಯ ಮೇಲೆ ಕುಳಿತೆ. "ಇಷ್ಟೇನಾ?" ಎಂದು ಜೋರಾಗಿಯೇ ಅಂದೆ. ಇಷ್ಟು ಸಣ್ಣ ಗೇರಿಯನ್ನು ಹದಿಮೂರು ವರ್ಷ ಅಷ್ಟು ದೊಡ್ಡದಾಗಿ ಯಾಕೆ ನಡೆದೆ? ಅಳು ಬಂತು. ಸಿಟ್ಟಿಗೆ ಬಂದ ಅಳು ಅದು.

ಮಾರನೇ ದಿನದಿಂದ ನಾಲ್ಕೂವರೆಗೆ ಎದ್ದು ಬೀದಿಗೆ ಇಳಿಯತೊಡಗಿದೆ. ಮೊದಲು ನಡೆದೆ. ದಾರಿ ಅಷ್ಟು ಹತ್ತಿರ ಇರುವಾಗ ನಡೆಯುವುದು ಸಾಲದು ಅನ್ನಿಸಿತು, ಓಡಿದೆ. ನಲವತ್ತು ದಾಟಿದ ಹೆಂಗಸು, ಚೂಡಿದಾರದ ಮೇಲೆ ಸ್ವೆಟರ್ ಹಾಕಿಕೊಂಡು, ವೇಲನ್ನು ಸೊಂಟಕ್ಕೆ ಬಿಗಿದುಕೊಂಡು ಓಡಿದೆ. ಕಾರಣ ಏನೂ ಇಲ್ಲ. ಸಕ್ಕರೆ ಕಾಯಿಲೆ ಇಲ್ಲ, ತೂಕ ಇಳಿಸಬೇಕಾಗಿರಲಿಲ್ಲ. ನನ್ನ ಪಾಲಿನ ಗಿಡ್ಡ ರಸ್ತೆಯನ್ನು ಇಷ್ಟು ವರ್ಷ ಬೇರೆಯವರು ಓಡಾಡಿಕೊಂಡಿದ್ದರು, ಅದನ್ನು ವಾಪಸ್ಸು ತೆಗೆದುಕೊಳ್ಳುತ್ತಿದ್ದೆ, ಅಷ್ಟೇ.

ರಾಚಪ್ಪ ಮೇಷ್ಟ್ರು ಸಿಕ್ಕಿದ್ದು ಹಾಗೆ ಓಡುವಾಗ. ಟೈಪಿಂಗ್ ಶಾಲೆ ನಡೆಸಿ, ಅದು ಮುಚ್ಚಿದ ಮೇಲೆ ನ್ಯಾಯಬೆಲೆ ಅಂಗಡಿಯಲ್ಲಿ ಮಧ್ಯಾಹ್ನದ ತೂಕಕ್ಕೆ ನಿಂತ ಅರವತ್ತೊಂದು ವರ್ಷದ ಮನುಷ್ಯ. ಪ್ಯಾಂಟಿಗೆ ಬೆಲ್ಟು ಕಟ್ಟಿ, ಶರ್ಟು ಒಳಗೆ ಸೇರಿಸಿಯೇ ಓಡುತ್ತಿದ್ದರು. ಹೆಜ್ಜೆ ತಪ್ಪಬಾರದೆಂದು ಬಾಯಲ್ಲಿ ಟೈಪಿಂಗಿನ ಮೊದಲ ಪಾಠ ಎ ಎಸ್ ಡಿ ಎಫ್ ಎಂದು ಹೇಳಿಕೊಳ್ಳುತ್ತಿದ್ದರು. ಇಬ್ಬರೂ ಜೊತೆಯಾದೆವು. ಐದು ಕಿಲೋಮೀಟರ್ ಹತ್ತಾಯಿತು, ಹತ್ತು ಹದಿನೈದಾಯಿತು. ಒಂದು ಭಾನುವಾರ ಇಪ್ಪತ್ತೊಂದು ಓಡಿ ಕೆರೆ ಏರಿಯ ಮೇಲೆ ಕುಳಿತಾಗ ಮೇಷ್ಟ್ರು, "ಗೌರಮ್ಮ, ಇದರ ಎರಡರಷ್ಟು ಓಡಿದ್ರೆ ಅದಕ್ಕೆ ಫುಲ್ ಮ್ಯಾರಥಾನ್ ಅಂತಾರೆ. ಸಾಯೋದ್ರೊಳಗೆ ಒಂದ್ಸಲ ಓಡಬೇಕು ಕಣಮ್ಮ" ಅಂದರು. ನಾನು ಹೂಂ ಅಂದೆ. ಎಂಟು ತಿಂಗಳು ಅದಕ್ಕೇ ದುಡಿದೆವು. ರಾಗಿ ಅಂಬಲಿ ಕುಡಿದೆವು, ಮೀನಖಂಡಕ್ಕೆ ಹರಳೆಣ್ಣೆ ತಿಕ್ಕಿದೆವು. ನನ್ನ ಎರಡು ಕಾಲುಗುರು ಉದುರಿದವು.

ಅದೇ ಹೊತ್ತಿಗೆ ನೋಟೀಸು ಬಂತು. ಊರಿನ ಮೊದಲ ಫುಲ್ ಮ್ಯಾರಥಾನ್, ಫೆಬ್ರವರಿ ಕೊನೆಯ ಭಾನುವಾರ. ನಡೆಸುವವರು ಕೋಳಿಕೂಗು ಓಟಗಾರರ ಸಂಘ. ಪುರಭವನದಿಂದ ಹೊರಟು ಕೆರೆ, ಹೊಸ ಬಡಾವಣೆ, ಇಟ್ಟಿಗೆ ಗೂಡುಗಳನ್ನು ಬಳಸಿ ಪುರಭವನಕ್ಕೇ ವಾಪಸ್ಸು. ಅದಕ್ಕೆಂದೇ ದಾರಿಯುದ್ದಕ್ಕೂ ಬಿಳಿ ಬಳಿದ ನಲವತ್ತೆರಡು ಕಲ್ಲು ನೆಟ್ಟಿದ್ದರು. ನಾನು ಆ ನೋಟೀಸನ್ನು ಮಧ್ಯಾಹ್ನ ಒಂದು ಗಂಟೆಗೆ, ಒಂದು ಗೋಡೆಯ ಮೇಲೆ ಓದಿದೆ. ಮೊದಲ ಬ್ಯಾಚು, ಸಂಘದ ಸದಸ್ಯರು, ನಾಲ್ಕೂವರೆ. ಎರಡನೇ ಬ್ಯಾಚು, ಸಾರ್ವಜನಿಕರು, ಆರೂವರೆ. ಎರಡೂ ಬ್ಯಾಚಿಗೆ ಗಡುವು ಹೊರಟಲ್ಲಿಂದ ಆರೂವರೆ ತಾಸು. ಮೀರಿದವರಿಗೆ ಪದಕವಿಲ್ಲ, ಹೆಸರಿಲ್ಲ.

ಆರೂವರೆಗೆ ಹೊರಟ ನಮ್ಮ ಹಾಗೆ ನಿಧಾನವಾಗಿ ಓಡುವವರು ಪೂರ್ತಿ ದಾರಿಯನ್ನು ಬಿಸಿಲಿನಲ್ಲೇ ಓಡಬೇಕು. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಮ್ಮ ಪಾಲಿಗೆ ನಲವತ್ತೆರಡಲ್ಲ, ಐವತ್ತನಾಲ್ಕು. ಅದನ್ನು ಆರೂವರೆ ಗಂಟೆಯಲ್ಲಿ ನಾವು ಮುಗಿಸುವ ಮಾತೇ ಇರಲಿಲ್ಲ.

ಮೇಷ್ಟ್ರನ್ನು ಕರೆದುಕೊಂಡು ಸಂಘದ ಕಾರ್ಯದರ್ಶಿ ಪ್ರಫುಲ್ಲಚಂದ್ರರ ಹತ್ತಿರ ಹೋದೆ. ಟೈಲ್ಸ್ ಅಂಗಡಿಯ ಮಾಲೀಕರು, ಐವತ್ತರ ಆಸುಪಾಸು, ಒಳ್ಳೆಯ ಮೈಕಟ್ಟು. ಕೆಟ್ಟ ಮನುಷ್ಯರಲ್ಲ. ಎದ್ದು ನಿಂತು ಕುರ್ಚಿ ಎಳೆದು ಕೊಟ್ಟರು, ಎಳನೀರು ತರಿಸಿದರು.

"ಮೊದಲನೇ ಬ್ಯಾಚಿಗೆ ನಮ್ಮ ಹೆಸರೂ ಬರ್ಕೊಳ್ಳಿ ಸಾರ್" ಅಂದೆ.

"ಅದು ಸದಸ್ಯರಿಗೆ ಅಮ್ಮ. ಪುರಭವನದ ಮುಂದೆ ರಸ್ತೆ ಕಿರಿದು. ಎಲ್ಲರನ್ನೂ ಒಟ್ಟಿಗೆ ಬಿಟ್ರೆ ನೂಕುನುಗ್ಗಲಾಗುತ್ತೆ."

"ಹಂಗಿದ್ರೆ ನಮ್ಮನ್ನ ಮೊದಲು ಬಿಡಿ. ನೀವು ಜೋರಾಗಿ ಓಡೋರು, ಆಮೇಲೆ ಬನ್ನಿ."

ನಾನು ಏನೋ ತಮಾಷೆ ಮಾಡಿದೆ ಎನ್ನುವಂತೆ ಅವರು ನಕ್ಕರು. ಮೇಷ್ಟ್ರು ಕೆಮ್ಮಿ, "ಸದಸ್ಯರಾಗೋದು ಹೇಗೆ ಸ್ವಾಮಿ?" ಎಂದು ಕೇಳಿದರು. ಇಬ್ಬರು ಸದಸ್ಯರು ಸಹಿ ಮಾಡಬೇಕಂತೆ. ಜೊತೆಗೆ ಇಪ್ಪತ್ತೊಂದು ಕಿಲೋಮೀಟರ್ ಓಡಿದ ಪ್ರಮಾಣಪತ್ರ ಬೇಕಂತೆ. ಆ ಪ್ರಮಾಣಪತ್ರ ಕೊಡುವ ಓಟವನ್ನು ಸಂಘ ಸದಸ್ಯರಿಗಾಗಿ ಮಾತ್ರ ನಡೆಸುತ್ತದಂತೆ.

"ಆರೂವರೆಗೆ ಹೊರಟರೆ ನಮಗೆ ಐವತ್ತನಾಲ್ಕು ಕಿಲೋಮೀಟರ್ ಆಗುತ್ತೆ ಸಾರ್" ಅಂದೆ.

"ಇಲ್ಲಮ್ಮ. ನಲವತ್ತೆರಡು ಕಲ್ಲು. ನಮಗೂ ಅಷ್ಟೇ, ನಿಮಗೂ ಅಷ್ಟೇ. ಕಲ್ಲು ಯಾರಿಗೂ ಭೇದ ಮಾಡಲ್ಲ."

"ಕಲ್ಲಿನ ಮಧ್ಯ ಇರೋ ದಾರಿ?"

"ಅದು ಪ್ರಕೃತಿ. ಅದಕ್ಕೆ ನಾವೇನು ಮಾಡೋಕಾಗುತ್ತೆ ಹೇಳಿ? ಎಳನೀರು ಕುಡೀರಿ, ಇಟ್ರೆ ಬೆಚ್ಚಗಾಗಿಬಿಡುತ್ತೆ."

ಕುಡಿದೆ. ಬಿಸಿಲಲ್ಲಿ ಬಂದಿದ್ದೆ, ಬಾಯಾರಿತ್ತು. ಆ ಎಳನೀರನ್ನು ಮುಟ್ಟದೆ ಎದ್ದು ಬರಬೇಕಿತ್ತು ಎಂದು ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಮಾರನೇ ದಿನ ಬೆಳಿಗ್ಗೆ ಅಳತೆ ಕಚೇರಿಗೆ ಹೋದೆ. ಊರಿನ ರಸ್ತೆಗಳ ಉದ್ದ ಬರೆದಿಡುವುದು ಅವರೇ. ಓವರ್‌ಸಿಯರ್ ಲಕ್ಕಣ್ಣ ನನಗೆ ಗುರುತಿನವರು, ಅವರ ಮನೆಯ ಮೀಟರೂ ನನ್ನ ಬೀಟಿನದೇ. ಓಟದ ದಾರಿಯನ್ನು ಒಂದು ಸಲ ಮಧ್ಯಾಹ್ನ ಅಳೆದು ಬರೆದುಕೊಡಿ ಎಂದು ಕೇಳಿದೆ.

ಲಕ್ಕಣ್ಣ ಆ ಕಡೆ ಈ ಕಡೆ ನೋಡಿದರು. "ಅಳತೆ ಚಕ್ರ ಕಚೇರಿಯಿಂದ ಆಚೆ ಹೋಗೋದು ಬೆಳಿಗ್ಗೆ ನಾಲ್ಕರಿಂದ ಆರರವರೆಗೆ ಮಾತ್ರ ಗೌರಮ್ಮ."

"ಯಾಕೆ?"

"ಯಾಕೆ ಅಂದ್ರೆ... ರಸ್ತೆ ಉದ್ದ ಅಂದ್ರೆ ಬೆಳಗಿನ ಉದ್ದ. ನಮ್ಮಪ್ಪನ ಕಾಲದಿಂದ ಹಂಗೇ ಬಂದಿರೋದು. ಮಧ್ಯಾಹ್ನದ್ದು ಬರೆಯೋಕೆ ರಿಜಿಸ್ಟರಲ್ಲಿ ಕಾಲಂ ಇಲ್ಲ."

"ಮಧ್ಯಾಹ್ನ ರಸ್ತೆ ಉದ್ದ ಆಗೋದು ನಿಮಗೆ ಗೊತ್ತಿಲ್ವಾ?"

"ಗೊತ್ತಮ್ಮ. ಗೊತ್ತಿರೋದು ಬೇರೆ, ಬರೆಯೋದು ಬೇರೆ."

ಮನೆಗೆ ಬಂದು ಪಾತ್ರೆಗಳನ್ನೆಲ್ಲ ಕುಕ್ಕಿದೆ. ನಮ್ಮ ಯಜಮಾನರು ಚೌಡಪ್ಪನವರದು ಸೈಕಲ್ ರಿಪೇರಿ ಅಂಗಡಿ. ಮಾತು ಕಮ್ಮಿ. ನನ್ನ ಕೂಗಾಟವನ್ನೆಲ್ಲ ಕೇಳಿ, ಊಟ ಮುಗಿಸಿ, ಕೈ ತೊಳೆದುಕೊಂಡ ಮೇಲೆ, "ಅವರು ಅಳೀದಿದ್ರೆ ನೀನೇ ಅಳಿ" ಅಂದರು. ಮೂರು ದಿನ ಅಂಗಡಿಯ ಹಿಂದೆ ಏನೋ ಕುಟ್ಟುತ್ತಿದ್ದರು. ನಾಲ್ಕನೇ ದಿನ ಮಕ್ಕಳ ಸೈಕಲ್ಲಿನ ಮುಂದಿನ ಚಕ್ರಕ್ಕೆ ಉದ್ದ ಹಿಡಿ ಹಾಕಿ, ಗುಜರಿಗೆ ಹೋಗಿದ್ದ ಸ್ಕೂಟರಿನ ಕಿಲೋಮೀಟರ್ ಮೀಟರನ್ನು ಆ ಹಿಡಿಗೆ ಕೂರಿಸಿ ತಂದರು. ಚಕ್ರಕ್ಕೆ ಹೊಂದುವಂತೆ ಒಳಗಿನ ಹಲ್ಲುಗಾಲಿ ಬದಲಾಯಿಸಿದ್ದರು. ನಾಲ್ಕೂವರೆಗೆ ಒಯ್ದು ಓಟದ ದಾರಿಯ ಹತ್ತು ಕಲ್ಲು ತಳ್ಳಿದೆ. ಸರಿಯಾಗಿ ಹತ್ತು ತೋರಿಸಿತು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಎರಡು ಕಲ್ಲು ತಳ್ಳಿದೆ. ಮೂರು ತೋರಿಸಿತು. ಮೀಟರಿನ ಆ ಬಿಳಿ ಅಂಕಿಗಳನ್ನು ನೋಡುತ್ತ ನಡುರಸ್ತೆಯಲ್ಲಿ ನಿಂತುಬಿಟ್ಟೆ. ಹದಿನಾರು ವರ್ಷ ಊರಿನವರ ಮೀಟರ್ ಓದಿದ್ದೆ. ನನ್ನ ಕಾಲು ಎಷ್ಟು ಸವೆದಿದೆ ಎಂದು ಓದಿದ್ದು ಅದೇ ಮೊದಲು.

ಆಮೇಲೆ ನಾವು ಬೆಳಗಿನ ಓಟ ಬಿಟ್ಟೆವು. ಓಡಬೇಕಾದದ್ದು ಬಿಸಿಲಿನಲ್ಲಿ ಅಂದ ಮೇಲೆ ಅಭ್ಯಾಸವೂ ಬಿಸಿಲಿನಲ್ಲೇ ಆಗಲಿ ಎಂದು ಪ್ರತಿ ಭಾನುವಾರ ಎಂಟಕ್ಕೆ ಹೊರಟು ಮಧ್ಯಾಹ್ನದವರೆಗೆ ಓಡಿದೆವು, ಚಕ್ರ ತಳ್ಳಿಕೊಂಡು. ಹೊಸ ಬಡಾವಣೆಯ ಮಹಡಿಗಳಿಂದ ಜನ ಇಣುಕಿ ನಕ್ಕರು. "ಗೌರಮ್ಮ, ಮೊಮ್ಮಗೂನ ಬೀಳಿಸ್ಕೊಂಡು ಬಂದ್ಯಾ, ಬರೀ ಗಾಡಿ ತಳ್ತಿದ್ದೀಯ" ಎಂದು ಒಬ್ಬರು ಕೂಗಿದರು. ಇಟ್ಟಿಗೆ ಗೂಡಿನ ಹೆಂಗಸರು ಮಾತ್ರ ನಗಲಿಲ್ಲ. ಅವರು ಮಧ್ಯಾಹ್ನದವರು. ಮೂರನೇ ವಾರದಿಂದ ರಸ್ತೆ ಬದಿಗೆ ಒಂದು ಕೊಡ ನೀರು, ಮೇಲೊಂದು ಚೊಂಬು ಇಟ್ಟಿರುತ್ತಿದ್ದರು. ಮೇಷ್ಟ್ರಿಗೆ ಮಂಡಿ ನೋವು ಬಂತು. ಬಿಡಿ ಅಂದೆ. "ಬೆಳಿಗ್ಗೆ ಓಡಿಸಿದ್ರೆ ಬಿಡ್ತಿದ್ನೇನೋ. ಈಗ ಬಿಡಲ್ಲ" ಅಂದರು.

ಓಟದ ದಿನ ಎರಡನೇ ಬ್ಯಾಚಿನಲ್ಲಿ ನಾವು ಅರವತ್ಮೂರು ಜನ ಇದ್ದೆವು. ಬಸ್ ಕಂಡಕ್ಟರುಗಳು, ತರಕಾರಿಯವರು, ದೊಡ್ಡಾಸ್ಪತ್ರೆಯ ನರ್ಸ್ ಫಿಲೋಮಿನಾ, ಚರಂಡಿ ವಿಭಾಗದ ನಾಲ್ಕು ಜನ. ಫಿಲೋಮಿನಾಳಿಗೆ ಇಪ್ಪತ್ತಾರು ವರ್ಷ. ಹಿಂದಿನ ಸಂಜೆಯ ಪಾಳಿ ಮುಗಿಸಿ ಬಂದಿದ್ದಳು. "ಅಕ್ಕ, ಕೊನೇಲಿ ಬಲೂನಿನ ಕಮಾನು ಕಟ್ಟಿದ್ದಾರೆ, ನೋಡಿದ್ರಾ? ಅದರ ಕೆಳಗೆ ಒಂದು ಫೋಟೋ ತೆಗೆಸ್ಕೋಬೇಕು" ಎಂದು ಸಂಭ್ರಮಪಡುತ್ತಿದ್ದಳು.

ಹೊರಡುವ ಗೆರೆಯಲ್ಲಿ ಸಂಘದವನೊಬ್ಬ ನನ್ನ ಚಕ್ರವನ್ನು ತಡೆದ. "ವಾಹನ ತರಂಗಿಲ್ಲ."

"ಇದಕ್ಕೆ ಸೀಟಿದೆಯೇನಪ್ಪ? ಹತ್ತಿ ತೋರ್ಸು ನೋಡೋಣ" ಅಂದೆ. ಸುತ್ತಲಿದ್ದವರೆಲ್ಲ ಗೊಳ್ಳೆಂದರು. ಅವನು ನಿಯಮದ ಹಾಳೆ ತಿರುಗಿಸಿ ನೋಡಿದ. ಚಕ್ರದ ಬಗ್ಗೆ ಏನೂ ಬರೆದಿರಲಿಲ್ಲ. ಬಿಟ್ಟ.

ಮೀಟರನ್ನು ಸೊನ್ನೆಗೆ ತಿರುಗಿಸಿ ಹೊರಟೆ. ಮೊದಲ ಎಂಟು ಕಲ್ಲು ಸಲೀಸು. ಹದಿನೈದನೇ ಕಲ್ಲಿನ ಹತ್ತಿರ ಸಂಘದವರು ಎದುರು ಬದಿಯಿಂದ ಜೀಪಿನಲ್ಲಿ ವಾಪಸ್ಸು ಹೋಗುತ್ತಿದ್ದರು, ಕೊರಳಲ್ಲಿ ಪದಕ, ಕೈಯಲ್ಲಿ ಬಾಳೆಹಣ್ಣು. ನಾಲ್ಕು ಗಂಟೆಯೊಳಗೇ ಮುಗಿಸಿದವರು ಅವರು. ಒಬ್ಬರು ಚಪ್ಪಾಳೆ ತಟ್ಟಿ ನಮ್ಮನ್ನು ಹುರಿದುಂಬಿಸಿದರು. ಇಪ್ಪತ್ತೊಂದನೇ ಕಲ್ಲು ಬಂದಾಗ ನನ್ನ ಮೀಟರ್ ಇಪ್ಪತ್ನಾಲ್ಕು ತೋರಿಸುತ್ತಿತ್ತು. ಅಲ್ಲಿ ನೀರಿನ ಮೇಜು ಇತ್ತು, ನೀರು ಮುಗಿದಿತ್ತು. ಮೊದಲ ಬ್ಯಾಚಿನವರು ತಲೆಗೆ ಸುರಿದುಕೊಂಡು ಹೋಗಿದ್ದರು.

ಇಪ್ಪತ್ತೇಳನೇ ಕಲ್ಲಿನಲ್ಲಿ ಮೇಷ್ಟ್ರು ಕುಳಿತುಬಿಟ್ಟರು. ಮುಖ ಕಪ್ಪಿಟ್ಟಿತ್ತು. ಮಂಡಿ ಮಡಚಲು ಆಗುತ್ತಿರಲಿಲ್ಲ. ನಾನೂ ಪಕ್ಕದಲ್ಲಿ ಕುಳಿತೆ.

"ನೀನು ನಡಿಯಮ್ಮ" ಅಂದರು.

"ನಿಮ್ಮನ್ನ ಬಿಟ್ಟು ಹೆಂಗೆ ಹೋಗ್ಲಿ?"

"ನಾನು ನಡ್ಕೊಂಡು ಬರ್ತೀನಿ. ಆ ಮೀಟರ್ ನಿಲ್ಲಬಾರದು. ಅದೊಂದೇ ನಮ್ಮ ಕಡೆ ಸಾಕ್ಷಿ."

ಹೋದೆ. ಮೂವತ್ತರ ನಂತರದ ರಸ್ತೆಯನ್ನು ನಾನು ಹೇಗೆ ವಿವರಿಸಲಿ? ಒಂದು ಕಲ್ಲು ಕಣ್ಣಿಗೆ ಕಾಣುತ್ತಿರುತ್ತದೆ, ಓಡುತ್ತಲೇ ಇರುತ್ತೀರಿ, ಅದು ಅಲ್ಲೇ ಇರುತ್ತದೆ. ಹಿಡಿ ಹಿಡಿದ ಅಂಗೈ ಬೊಬ್ಬೆ ಎದ್ದಿತ್ತು. ಬಾಯೊಳಗೆ ನಾಲಿಗೆ ಮರದ ತುಂಡಿನ ಹಾಗಿತ್ತು. ನಿಲ್ಲೋಣ ಅನ್ನಿಸಿದಾಗಲೆಲ್ಲ ಕಲ್ಲು ಯಾರಿಗೂ ಭೇದ ಮಾಡಲ್ಲ ಎಂಬ ಮಾತು ನೆನಪಾಗುತ್ತಿತ್ತು. ಆ ಮಾತು ನನ್ನನ್ನು ಒಂದೊಂದು ಕಲ್ಲು ಮುಂದೆ ತಳ್ಳಿತು. ಸಿಟ್ಟು ಇಷ್ಟು ದೂರ ಓಡಿಸುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಇಟ್ಟಿಗೆ ಗೂಡುಗಳು ಬಂದವು. ಹೆಂಗಸರು ಚೊಂಬು ಹಿಡಿದು ರಸ್ತೆಗೇ ಬಂದಿದ್ದರು. ಮೂವತ್ತನಾಲ್ಕನೇ ಕಲ್ಲನ್ನು ದಾಟಿ ನಾಲ್ಕು ಮಾರು ಹೋಗಿರಬೇಕು, ಮೀಟರ್ ನಲವತ್ತೆರಡಕ್ಕೆ ತಿರುಗಿತು. ಮತ್ತೆ ಇನ್ನೂರು ಮೀಟರಿಗೆ ಕೊನೆಯ ಕೆಂಪು ಅಂಕಿ ಎರಡಕ್ಕೆ ಬಂತು. ನಿಂತೆ. ಗೂಡಿನ ಗಡಿಯಾರದಲ್ಲಿ ಹನ್ನೆರಡು ಗಂಟೆ ಒಂಬತ್ತು ನಿಮಿಷ. ಹೊರಟು ಐದು ಗಂಟೆ ಮೂವತ್ತೊಂಬತ್ತು ನಿಮಿಷ ಆಗಿತ್ತು. ಪೂರ್ತಿ ಮ್ಯಾರಥಾನನ್ನು ನಾನು ಗಡುವಿನೊಳಗೆ ಓಡಿದ್ದೆ.

ಪುರಭವನ ಇನ್ನೂ ಎಂಟು ಕಲ್ಲು ಆಚೆ ಇತ್ತು. ಎಂಟು ಕಲ್ಲು ಅಂದರೆ ಆ ಹೊತ್ತಿನಲ್ಲಿ ಹನ್ನೆರಡು ಕಿಲೋಮೀಟರ್. ಅಲ್ಲಿ ಬಲೂನಿನ ಕಮಾನು, ಮೈಕು, ಜನ. ಹೋಗೋಣ ಎಂದು ಕಾಲು ಮುಂದಿಟ್ಟೆ, ಸುಳ್ಳು ಹೇಳುವುದಿಲ್ಲ. ಗಡುವು ಮೀರಿದರೂ ಪರವಾಗಿಲ್ಲ, ಇವಳು ಐವತ್ತನಾಲ್ಕು ಓಡಿದಳು ಎಂದಾದರೂ ಅನ್ನಲಿ ಎಂದು. ಆಗ ಹೊಳೆಯಿತು, ಹಾಗೆ ಯಾರೂ ಅನ್ನುವುದಿಲ್ಲ. ನಲವತ್ತೆರಡನ್ನು ತಡವಾಗಿ ಓಡಿದಳು ಅನ್ನುತ್ತಾರೆ. ಹದಿನಾರು ವರ್ಷ ಹೆಚ್ಚಿನ ದಾರಿ ನಡೆದವಳನ್ನು ನಿಧಾನ ಎಂದೇ ಆಫೀಸಿನಲ್ಲಿ ಬೈದಿದ್ದರು. ಇನ್ನು ನಾನು ಒಂದು ಹೆಜ್ಜೆಯೂ ಹೆಚ್ಚಿಗೆ ಇಡುವುದಿಲ್ಲ.

ಗೂಡಿನ ಹತ್ತಿರ ಬಿದ್ದಿದ್ದ ಇಟ್ಟಿಗೆ ಚೂರು ತಂದು ಟಾರಿನ ಮೇಲೆ ಈ ಅಂಚಿನಿಂದ ಆ ಅಂಚಿಗೆ ಗೆರೆ ಎಳೆದೆ. ಇನ್ನೆರಡು ಸಲ ತಿದ್ದಿ ದಪ್ಪ ಮಾಡಿದೆ. ಹೆಂಗಸರಲ್ಲಿ ಒಬ್ಬಳು, "ಇಲ್ಯಾಕಕ್ಕ ಗೆರೆ?" ಎಂದು ಕೇಳಿದಳು.

"ಇಲ್ಲಿಗೆ ನಲವತ್ತೆರಡು ಕಿಲೋಮೀಟರ್ ಮುಗೀತು" ಅಂದೆ.

ಅವಳು ಬಗ್ಗಿ ಮೀಟರ್ ನೋಡಿದಳು. ಓದಲು ಬರುತ್ತಿತ್ತೋ ಇಲ್ಲವೋ, ಇಟ್ಟಿಗೆ ಹೊರಲು ತಲೆಯ ಮೇಲೆ ಇಟ್ಟಿದ್ದ ಬಟ್ಟೆಯ ಸಿಂಬಿ ತೆಗೆದು ಗೆರೆಯ ಪಕ್ಕ ಇಟ್ಟು, ಅದರ ಮೇಲೆ ನನ್ನನ್ನು ಕೂರಿಸಿದಳು.

ಹಿಂದಿನವರು ಒಬ್ಬೊಬ್ಬರಾಗಿ ಬಂದರು. ಪ್ರತಿಯೊಬ್ಬರಿಗೂ ಮೀಟರ್ ತೋರಿಸಿದೆ. ಕಂಡಕ್ಟರೊಬ್ಬರು ಗೆರೆ ದಾಟಿ ರಸ್ತೆಯ ಮೇಲೇ ಅಂಗಾತ ಮಲಗಿ ನಕ್ಕರು. ಫಿಲೋಮಿನಾ ಗೆರೆ ದಾಟಿದಳು, ನನ್ನನ್ನು ತಬ್ಬಿಕೊಂಡಳು, ಆಮೇಲೆ ದೂರಕ್ಕೆ ನೋಡಿದಳು. "ಅಕ್ಕ, ಬೇಜಾರು ಮಾಡ್ಕೋಬೇಡಿ, ಆ ಕಮಾನು ನೋಡ್ಕೊಂಡು ಬರ್ತೀನಿ" ಎಂದು ಮುಂದೆ ಓಡಿದಳು. ಅವಳನ್ನು ತಡೆಯಲಿಲ್ಲ. ಅವಳ ಆಸೆ ಅವಳದು.

ಹನ್ನೆರಡು ಐವತ್ತೆರಡಕ್ಕೆ ಮೇಷ್ಟ್ರು ಕಾಣಿಸಿದರು. ಒಂದು ಕಾಲು ಎಳೆಯುತ್ತ, ಬೆಲ್ಟು ಬಿಗಿಯಾಗಿಯೇ ಇತ್ತು, ಶರ್ಟು ಒಳಗೇ ಇತ್ತು. ಗೆರೆಯ ಮುಂದೆ ನಿಂತು, ಉಸಿರು ಎಳೆದುಕೊಂಡು, ಕಾಲು ಎತ್ತಿ ಈಚೆ ಇಟ್ಟು, ಸಾಲು ಮುಗಿದಾಗ ಟೈಪ್‌ರೈಟರ್ ಸದ್ದು ಮಾಡುತ್ತದಲ್ಲ, ಹಾಗೆ "ಟಿಂಗ್" ಅಂದರು. ಆಮೇಲೆ ಮುಖ ಮುಚ್ಚಿಕೊಂಡು ಅತ್ತರು. ಗಡುವು ಮುಗಿಯುವ ಒಂದು ಗಂಟೆಗೆ ಮೊದಲೇ ಹತ್ತೊಂಬತ್ತು ಜನ ಆ ಗೆರೆ ದಾಟಿದೆವು.

ಒಂದೂಕಾಲಿಗೆ ಪ್ರಫುಲ್ಲಚಂದ್ರರ ಜೀಪು ಬಂತು. ಸ್ನಾನ ಮಾಡಿ, ಇಸ್ತ್ರಿ ಬಟ್ಟೆ ಹಾಕಿ, ಅದರ ಮೇಲೆ ಪದಕ ಹಾಕಿಕೊಂಡಿದ್ದರು. "ಯಾಕಮ್ಮ ಎಲ್ಲರೂ ಇಲ್ಲಿ ಕೂತಿದ್ದೀರಾ? ಬನ್ನಿ, ಹತ್ತಿ, ಬಿಟ್ಟುಬಿಡ್ತೀನಿ."

"ನಮ್ಮ ಓಟ ಮುಗೀತು ಸಾರ್."

"ಇನ್ನೂ ಎಂಟು ಕಲ್ಲಿದೆಯಲ್ಲಮ್ಮ."

ಚಕ್ರವನ್ನು ಅವರ ಮುಂದೆ ತಳ್ಳಿದೆ. ಅವರು ಕನ್ನಡಕ ಏರಿಸಿ ನೋಡಿದರು. ಬೆರಳಿಟ್ಟು ಅಂಕಿಗಳನ್ನು ಮತ್ತೊಮ್ಮೆ ಓದಿದರು. ಅವರಿಗೆ ಅರ್ಥವಾಯಿತು ಎಂದು ನನಗೆ ಗೊತ್ತಾಯಿತು. ಅದಕ್ಕೇ ಮುಂದಿನ ಮಾತು ಕೇಳಿ ಮೈ ಉರಿದುಹೋಯಿತು.

"ಇದು ಹಳೇ ಸ್ಕೂಟರ್ ಮೀಟರ್ ಅಮ್ಮ. ಇದನ್ನ ನಂಬೋಕಾಗುತ್ತಾ?"

"ಮೀಟರ್ ಓದೋದು ನನ್ನ ಕೆಲಸ ಸಾರ್. ಹದಿನಾರು ವರ್ಷದಿಂದ ನಿಮ್ಮನೆ ಮೀಟರ್ ಓದ್ತಿದ್ದೀನಿ. ಒಂದು ದಿನ ಆದ್ರೂ ನನ್ನ ಓದು ತಪ್ಪು ಅಂದಿದ್ದೀರಾ?"

"ಅದು ಬೇರೆ."

"ಹೇಗೆ ಬೇರೆ?"

ಅವರು ಜೀಪಿನ ಹಿಂದಿನ ಬಾಗಿಲು ತೆರೆದರು. ಮೇಷ್ಟ್ರನ್ನಾದರೂ ಜೀಪು ಹತ್ತಿಸಿ ಅಂದರು. ಮೇಷ್ಟ್ರು ಹತ್ತಲಿಲ್ಲ. ಮೂರರ ಹೊತ್ತಿಗೆ ಇಟ್ಟಿಗೆ ಸಾಗಿಸುವ ಟ್ರ್ಯಾಕ್ಟರಿನಲ್ಲಿ ನಾವೆಲ್ಲ ಊರು ಸೇರಿದೆವು. ಫಿಲೋಮಿನಾ ಪುರಭವನದ ಮೆಟ್ಟಿಲ ಮೇಲೆ ಒಬ್ಬಳೇ ಕುಳಿತಿದ್ದಳು. ಅವಳು ಬಂದು ಮುಟ್ಟುವಾಗ ಕಮಾನಿನ ಗಾಳಿ ಬಿಟ್ಟು ಮಡಚುತ್ತಿದ್ದರಂತೆ. ಮಡಚುವವರನ್ನು ಐದು ನಿಮಿಷ ನಿಲ್ಲಿಸಿ ಎಂದು ಬೇಡಿಕೊಂಡಳಂತೆ. ಬಾಡಿಗೆಯ ಹೊತ್ತು ಮುಗಿಯಿತು ಎಂದರಂತೆ.

ಸೋಮವಾರ ಫಲಿತಾಂಶ ಅಂಟಿಸಿದರು. ನಮ್ಮ ಅರವತ್ಮೂರೂ ಹೆಸರಿನ ಮುಂದೆ ಒಂದೇ ಪದ, ಅಪೂರ್ಣ. ಚಕ್ರವನ್ನು ತೆಗೆದುಕೊಂಡು ಲಕ್ಕಣ್ಣನ ಮುಂದೆ ಇಟ್ಟೆ. ಅವರು ಕಚೇರಿಯ ಅಳತೆ ಚಕ್ರದ ಪಕ್ಕದಲ್ಲಿ ನನ್ನದನ್ನು ಇಟ್ಟುಕೊಂಡು ಅಂಗಳದಲ್ಲಿ ಎರಡನ್ನೂ ಹತ್ತು ಸಲ ಉರುಳಿಸಿ ನೋಡಿದರು. "ಸರಿಯಾಗಿದೆ ಗೌರಮ್ಮ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ" ಅಂದರು. ಬರೆದುಕೊಡಿ ಅಂದೆ. ತಲೆ ತಗ್ಗಿಸಿ ಒಳಗೆ ಹೋದರು. ಬಹಳ ಹೊತ್ತು ಕಾದೆ. ಹೊರಗೆ ಬರಲಿಲ್ಲ.

ಅವತ್ತು ಮಧ್ಯಾಹ್ನ ಊದಿದ ಕಾಲಿನಲ್ಲಿ ಬೀಟಿಗೆ ಹೋದೆ. ಹನ್ನೆರಡು ಗಂಟೆಗೆ ಕುಂಬಾರಗೇರಿಯ ಬಾಯಲ್ಲಿ ನಿಂತು ಆ ತುದಿ ನೋಡಿದೆ. ಎಲ್ಲೋ ದೂರದಲ್ಲಿ ಇತ್ತು. ಒಂದು ಕಾಲು ಒಳಗಿಟ್ಟವಳು ಹಿಂದೆ ತೆಗೆದೆ. ಮೆಷಿನ್ನಿನ ಗುಂಡಿ ಒತ್ತಿ ಆರಿಸಿದೆ. ಮನೆಗೆ ಬಂದು ಮಲಗಿಕೊಂಡೆ. ಜೀವಮಾನದಲ್ಲಿ ಮಧ್ಯಾಹ್ನ ಮಲಗಿದ್ದು ಅದೇ ಮೊದಲು. ಚೌಡಪ್ಪನವರು ಹುಷಾರಿಲ್ಲವೇನೋ ಎಂದು ಹಣೆ ಮುಟ್ಟಿ ನೋಡಿದರು. "ಚೆನ್ನಾಗಿದ್ದೀನಿ ರೀ. ನಾಳೆಯಿಂದ ಬೆಳಿಗ್ಗೆ ನೀವೇ ನೀರು ಹಿಡೀಬೇಕು" ಅಂದೆ. ಹೂಂ ಅಂದರು.

ಮಂಗಳವಾರ ನಾಲ್ಕೂವರೆಗೆ ಮೆಷಿನ್ನು ಹೆಗಲಿಗೆ ಹಾಕಿಕೊಂಡು ಹೊರಟೆ. ಆಫೀಸನ್ನು ಕೇಳಲಿಲ್ಲ. ಕೇಳಿದರೆ ಜನ ಮಲಗಿರುತ್ತಾರೆ ಎನ್ನುತ್ತಾರೆ ಎಂದು ಗೊತ್ತಿತ್ತು. ಪ್ರಫುಲ್ಲಚಂದ್ರರ ಗೇಟು ತೆಗೆದು ಗಂಟೆ ಒತ್ತಿದೆ. ಅವರು ಓಡಲು ಹೊರಟಿದ್ದರು, ಒಂದು ಕಾಲಿಗೆ ಬೂಟು ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದೇ ಬಾಗಿಲು ತೆರೆದರು. ನನ್ನನ್ನು ನೋಡಿ, ಗೋಡೆಯ ಗಡಿಯಾರ ನೋಡಿ, ಮತ್ತೆ ನನ್ನನ್ನು ನೋಡಿದರು.

"ಏನಮ್ಮ ಇದು? ಈಗ ಬಂದಿದ್ದೀಯ?"

"ಮೀಟರ್ ಓದ್ಬೇಕು ಸಾರ್."

"ಮಧ್ಯಾಹ್ನ ಬರಬಾರದಾ? ಇದು ನನ್ನ ಓಟದ ಹೊತ್ತು."

"ನನ್ನ ಹೊತ್ತೂ ಇದೇ" ಅಂದೆ. "ಸ್ವಲ್ಪ ಪಕ್ಕಕ್ಕೆ ಬನ್ನಿ, ಮೀಟರ್ ಕಾಣ್ತಿಲ್ಲ."